ಬೆಳಿಗ್ಗೆಯೇ ಬರೆದಿಟ್ಟ ಸಂಜೆ

ಲೆಕ್ಕ ಬರೆಯುವ ಕೆಲಸದಿಂದ ಬೇಸರವಾಗುತ್ತದೆ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಕಂಪ್ಲಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಪ್ಪನ ಪ್ರಕಾರ ಫ್ಯಾನಿನ ಕೆಳಗೆ ಕೂತು ಮಾಡುವುದೆಲ್ಲ ಕೆಲಸವೇ ಅಲ್ಲ, ಪುಣ್ಯ. "ಕುಂತಲ್ಲೇ ಪಗಾರ ಬರ್ತೈತಿ. ಬ್ಯಾಸರ ಅಂದ್ರ ಏನವಾ ಅದು?" ಎಂದು ಕೇಳುತ್ತಿದ್ದ. ಹೇಳಲು ನನಗೂ ಬರುತ್ತಿರಲಿಲ್ಲ.

ಬಿ.ಕಾಂ. ಮುಗಿಸಿದ ಮೇಲೆ ಹೊಸಪೇಟೆಯಲ್ಲಿ ಅದಿರು ಸಾಗಿಸುವ ಲಾರಿ ಮಾಲೀಕರೊಬ್ಬರ ಆಫೀಸು ಸೇರಿದ್ದೆ. ಗಣಿಯ ವ್ಯವಹಾರ ಜೋರಾಗಿದ್ದ ವರ್ಷಗಳವು. ಊರಿನವರ ಪಾಲಿಗೆ ಹೊಸ ಕಾರು ಬಂದವು, ಹೊಸ ಮಹಡಿ ಮನೆ ಬಂದವು. ನನ್ನ ಪಾಲಿಗೆ ಬಂದದ್ದು ಕೆಂಪು ಧೂಳು. ಬೆಳಿಗ್ಗೆ ಒರೆಸಿದ ಮೇಜನ್ನು ಊಟದ ಹೊತ್ತಿಗೆ ಮತ್ತೆ ಒರೆಸಬೇಕಿತ್ತು.

ಸಂಡೂರಿನ ಗುಡ್ಡದಿಂದ ನಮ್ಮ ಯಾರ್ಡಿಗೆ ಬರುವ ಹನ್ನೆರಡು ಲಾರಿಗಳ ಟ್ರಿಪ್ಪುಗಳನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸಗಳಲ್ಲಿ ಮೊದಲನೆಯದು. ಲಾರಿಯ ನಂಬರು, ಡ್ರೈವರ್ ಹೆಸರು, ಬಂದ ಸಮಯ. ಅವೇ ಲಾರಿಗಳು, ಅವೇ ಹೆಸರುಗಳು, ಒಂದೊಂದು ಲಾರಿಗೆ ದಿನಕ್ಕೆ ಮೂರೇ ಟ್ರಿಪ್ಪು. ಎರಡನೇ ವರ್ಷಕ್ಕೆ ಕಣ್ಣು ಮುಚ್ಚಿ ಬರೆಯುವಷ್ಟು ಬಾಯಿಪಾಠವಾಗಿತ್ತು. ಒಂದು ದಿನ ಬೇಸರ ತಡೆಯಲಾಗದೆ ಇಡೀ ದಿನದ ಟ್ರಿಪ್ಪುಗಳನ್ನು ಬೆಳಿಗ್ಗೆಯೇ ಬರೆದು ಮುಗಿಸಿದೆ. ಸಂಜೆ ಯಾರ್ಡಿನ ಗೇಟಿನಿಂದ ಟ್ರಿಪ್ ಚೀಟಿಗಳ ಕಟ್ಟು ಬಂದಾಗ ತಾಳೆ ನೋಡಿದರೆ ಐದು ಹತ್ತು ನಿಮಿಷ ಬಿಟ್ಟರೆ ಎಲ್ಲ ಸರಿ ಇತ್ತು. ಅಲ್ಲಿಂದ ಅದೇ ರೂಢಿಯಾಯಿತು. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಡ್ರೈವರುಗಳಲ್ಲಿ ಒಬ್ಬ ಮೆಟ್ರಿ ಎಂಬ ಹಳ್ಳಿಯವನು, ನಮ್ಮ ಕಂಪ್ಲಿ ಕಡೆಯವನೆಂದು ನನ್ನ ಹತ್ತಿರ ಸಲಿಗೆ ಹೆಚ್ಚು. ಸೀತಾಫಲದ ಕಾಲದಲ್ಲಿ ಗುಡ್ಡದಿಂದ ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಒಮ್ಮೆ ರಿಜಿಸ್ಟರಿಗೆ ಇಣುಕಿ ನೋಡಿ ಜೋರಾಗಿ ನಕ್ಕ.

"ಅಕ್ಕಾರ, ನಾ ಇನ್ನಾ ಒಂದನೇ ಟ್ರಿಪ್ ಇಳಿಸಾಕ ಹತ್ತೀನಿ. ನೀವಾಗಲೇ ಮೂರೂ ಮುಗಿಸಿ ನನ್ನ ಮನೀಗೆ ಕಳಿಸಿಬಿಟ್ಟೀರಲ್ರಿ!"

ನಾನೂ ನಕ್ಕಿದ್ದೆ.

ಆ ವರ್ಷ ನನ್ನ ಬ್ಯಾಗಿನಲ್ಲಿ ಬಿ.ಇಡಿ. ಅರ್ಜಿಯೊಂದು ಇತ್ತು. ಸಂಜೆ ಊರಿಗೆ ಮರಳಿದ ಮೇಲೆ ಓಣಿಯ ನಾಲ್ಕು ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ದಿನದಲ್ಲಿ ಗಡಿಯಾರ ನೋಡದೆ ಕಳೆಯುತ್ತಿದ್ದ ಗಂಟೆ ಅದೊಂದೇ. ಟೀಚರಾಗಬೇಕು, ಈ ಧೂಳಿನಿಂದ ಎದ್ದು ಹೋಗಬೇಕು ಎಂದು ಅರ್ಜಿ ತುಂಬಿ ಫೋಟೋ ಅಂಟಿಸಿದ್ದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಅದನ್ನು ಅಂಚೆಗೆ ಹಾಕುವುದಷ್ಟೇ ಉಳಿದಿತ್ತು. ಶನಿವಾರ ಕೊನೆಯ ದಿನ.

ಆ ವಾರದ ಮಂಗಳವಾರ ಸಂಜೆ ಚೀಟಿಗಳ ಕಟ್ಟು ತಡವಾಗಿ ಬಂತು. ಕಂಪ್ಲಿ ಬಸ್ಸು ತಪ್ಪುತ್ತದೆಂದು ತಾಳೆ ನೋಡದೆ ರಿಜಿಸ್ಟರ್ ಮುಚ್ಚಿ ಓಡಿದೆ. ಅಂದು ಮೆಟ್ರಿಯವನು ಬಂದದ್ದು ಒಂದೇ ಟ್ರಿಪ್ಪು. ಎರಡನೆಯ ಸಲ ಗುಡ್ಡದ ಮೇಲೆ ಲೋಡಿಗೆ ತಾಡಪಾಲು ಬಿಗಿಯುವಾಗ ಕಾಲು ಜಾರಿ ಕೆಳಗೆ ಬಿದ್ದಿದ್ದ. ಹಿಂದಕ್ಕೆ ಬರುತ್ತಿದ್ದ ಇನ್ನೊಂದು ಲಾರಿಯ ಚಕ್ರ ಅವನ ಬಲಗಾಲಿನ ಮೇಲೆ ಹತ್ತಿತ್ತು. ನನ್ನ ರಿಜಿಸ್ಟರಿನಲ್ಲಿ ಮಾತ್ರ ಅವನು ಒಂದೂವರೆಗೆ ಬಂದಿದ್ದ, ನಾಲ್ಕೂವರೆಗೆ ಮತ್ತೆ ಬಂದಿದ್ದ.

ಮರುದಿನ ಸುದ್ದಿ ತಿಳಿದ ಕೂಡಲೇ ಆ ಎರಡು ಸಾಲು ಹೊಡೆದುಹಾಕಲು ಹೋದರೆ ರಿಜಿಸ್ಟರ್ ನನ್ನ ಮೇಜಿನ ಮೇಲೆ ಇರಲಿಲ್ಲ. ಮಾಲೀಕರ ಮುಂದಿತ್ತು. ಚೀಟಿಗಳ ಕಟ್ಟು ಎಲ್ಲೂ ಕಾಣಲಿಲ್ಲ.

"ಚೊಲೋ ಬರದೀ ತಂಗಿ. ಡ್ಯೂಟಿ ಮುಗಿಸಿ ಹೋಗಿ ಎಲ್ಲೋ ಕುಡಿದು ಬಿದ್ದಾನ. ಅದಕ್ಕ ನಾವ್ಯಾಕ ಆಸ್ಪತ್ರಿ ಖರ್ಚು ಕೊಡಬೇಕು?" ಎಂದರು ಮಾಲೀಕರು.

"ಅದು ನಾನು ಬೆಳಿಗ್ಗೇನ ಬರದದ್ದು ಸಾವುಕಾರ್ರ. ನಿಮಗೂ ಗೊತ್ತೈತಲ್ಲರಿ" ಎಂದೆ.

ಅವರು ಸಿಟ್ಟಾಗಲಿಲ್ಲ. "ಸುಳ್ಳು ಬರದೀನಿ ಅಂತ ಹೇಳ್ತೀಯೇನು? ಹೇಳು. ಆಮ್ಯಾಲ ಈ ಊರಾಗ ಯಾರು ನಿನ್ನ ಕೈಗೆ ಪುಸ್ತಕ ಕೊಡ್ತಾರ ನಾನೂ ನೋಡ್ತೀನಿ" ಎಂದು ಚಹಾ ಹೀರಿದರು.

ಗುರುವಾರ ಡ್ರೈವರನ ಹೆಂಡತಿ ಬಂದಳು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳೆಂದು ಕಾಣುತ್ತದೆ, ಕೈಯಲ್ಲಿ ಖಾಲಿ ಟಿಫಿನ್ ಡಬ್ಬಿ ಇತ್ತು. ಮಾಲೀಕರು ರಿಜಿಸ್ಟರ್ ತೆರೆದು ಬೆರಳಿಟ್ಟು ತೋರಿಸಿದರು. ಅವಳು ಅದನ್ನು ನೋಡಲೇ ಇಲ್ಲ, ನನ್ನ ಕಡೆ ತಿರುಗಿದಳು.

"ನಮ್ಮೆಜಮಾನ್ರು ಹೇಳಿ ಕಳಿಸ್ಯಾರ್ರಿ. ಆಫೀಸಿನ ಅಕ್ಕಾರಿಗೆ ಎಲ್ಲಾ ಗೊತ್ತೈತಿ, ಅವರನ್ನ ಕೇಳು ಅಂದಾರ."

ಆ ಕ್ಷಣವನ್ನು ಎಷ್ಟು ವರ್ಷದಿಂದ ತಿರುವಿ ಹಾಕುತ್ತಿದ್ದೇನೆ. ಯಾವ ಕೆಲಸ ಬೇಡವೆಂದು ವರ್ಷವಿಡೀ ಗೊಣಗಿದ್ದೆನೋ, ಬಿಟ್ಟು ಹೋಗಲು ಅರ್ಜಿ ತುಂಬಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆನೋ, ಅದೇ ಕೆಲಸ ಹೋದೀತೆಂದು ಹೆದರಿದೆ. ಒಂದು ಮಾತು ಆಡಿದ್ದರೆ ಅವನಿಗೆ ಖರ್ಚು ಸಿಗುತ್ತಿತ್ತು, ನನಗೆ ಬಿಡುಗಡೆ ಸಿಗುತ್ತಿತ್ತು.

"ಪುಸ್ತಕದಾಗ ಹಿಂಗೈತಿ ನೋಡವಾ" ಎಂದೆ.

ಅವಳು ಜಗಳ ಮಾಡಲಿಲ್ಲ. ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿ ಮೆಟ್ಟಿಲಿಳಿದು ಹೋದಳು. ಶನಿವಾರ ಅಂಚೆ ಕಚೇರಿಯ ಮುಂದೆಯೇ ನಡೆದು ಬಂದೆ, ಒಳಗೆ ಹೋಗಲಿಲ್ಲ. ಮಕ್ಕಳ ಮುಂದೆ ನಿಲ್ಲುವ ಮುಖ ನನಗಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕೇಳಲು ಚೆನ್ನಾಗಿದೆ. ನಿಜವೇನೆಂದರೆ ಮುಂದಿನ ತಿಂಗಳಿನಿಂದ ಸಂಬಳ ಹೆಚ್ಚು ಮಾಡುತ್ತೇನೆಂದು ಮಾಲೀಕರು ಶುಕ್ರವಾರವೇ ಹೇಳಿದ್ದರು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ನಾನೂ ಒಂದು ತಿಂದೆ.

ಗಣಿಗಳು ನಿಂತು ಆ ಆಫೀಸಿಗೆ ಬೀಗ ಬೀಳುವವರೆಗೂ ಅಲ್ಲೇ ಇದ್ದೆ. ಆಮೇಲೆ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮತ್ತೆ ಲೆಕ್ಕ. ಬೇಸರ ಈಗಲೂ ಇದೆ, ಆದರೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ.

ಒಂದು ಭಾನುವಾರ ತಂಗಿಯ ಮಕ್ಕಳನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಹಂಪಿಗೆ ಹೋಗಿದ್ದೆ. ಗಾಡಿ ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿಯಲು ಬಂದವನ ಕಂಕುಳಲ್ಲಿ ಊರುಗೋಲಿತ್ತು. ಬಲಗಾಲು ಮೊಣಕಾಲಿನವರೆಗೆ ಮಾತ್ರ.

"ಅಕ್ಕಾರ! ಅರಾಮ ಅದೀರೇನ್ರಿ?" ಎಂದು ನಕ್ಕ. ಮೊದಲಿನದೇ ನಗು. ಅದರಲ್ಲಿ ಸಿಟ್ಟು ಇರಬಹುದೇ ಎಂದು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಒಳ್ಳೆಯದಿತ್ತು.

ನಾನು ದುಡ್ಡು ಮುಂದೆ ಹಿಡಿದೆ. ಅವನು ಕಿವಿಯ ಮೇಲಿನ ಪೆನ್ನು ತೆಗೆದು ಗಾಡಿಯ ನಂಬರು ಬರೆದುಕೊಂಡ. ಮುಂದಿನ ಕಾಲಂಗೆ ಬಂದು ಪೆನ್ನು ನಿಲ್ಲಿಸಿ ನನ್ನ ಕೈಗಡಿಯಾರದ ಕಡೆ ನೋಡಿದ.

"ಈಗ ಟೈಮ್ ಎಷ್ಟಾತ್ರಿ ಅಕ್ಕಾರ? ಬಂದ ಟೈಮ್ ಬರೀಬೇಕು."