ಇರುಳುಗಣ್ಣಿನ ಪ್ರಶ್ನೆ

ಕತ್ತಲಲ್ಲಿ ಮಗುವಿಗೆ ಕಣ್ಣು ಕಾಣುತ್ತದೆಯೇ ಎಂದು ತಾಯಿಯನ್ನು ಹೇಗೆ ಕೇಳಬೇಕು? ಅಮೆರಿಕದ ಪ್ಲೆಸೆಂಟನ್‌ನ ನಮ್ಮ ಪುಟ್ಟ ಆಫೀಸಿನಲ್ಲಿ ಆ ಚಳಿಗಾಲವೆಲ್ಲ ನನ್ನ ತಲೆ ತಿಂದದ್ದು ಇದೊಂದೇ ವಿಷಯ. ಇಥಿಯೋಪಿಯಾದ ಹಳ್ಳಿಗಳಲ್ಲಿ ಪುಟ್ಟ ಮಕ್ಕಳ ಅಪೌಷ್ಟಿಕತೆಯನ್ನು ಅಳೆಯುವ ಸಮೀಕ್ಷೆಗೆ ಪ್ರಶ್ನೆ ಬರೆಯುವುದು ನನ್ನ ಕೆಲಸ. ಸೊರಗಿದ ಮಗುವನ್ನು ಪತ್ತೆ ಹಚ್ಚುವುದು ಸುಲಭ. ತೋಳಿಗೆ ಬಣ್ಣದ ಪಟ್ಟಿ ಸುತ್ತಿದರೆ ಸಾಕು, ಹಸಿರು ಬಂದರೆ ಕ್ಷೇಮ, ಕೆಂಪು ಬಂದರೆ ಅಪಾಯ ಎಂದು ಗೊತ್ತಾಗಿಬಿಡುತ್ತದೆ. ವಿಟಮಿನ್ ಎ ಕೊರತೆ ಹಾಗಲ್ಲ. ದುಂಡು ಕೆನ್ನೆಯ ಮಗುವಿನಲ್ಲೂ ಅಡಗಿ ಕೂತಿರುತ್ತದೆ. ಮೊದಲು ಸಂಜೆಯ ಮೇಲೆ ಕಣ್ಣು ಕಾಣದಾಗುತ್ತದೆ, ಹಾಗೇ ಬಿಟ್ಟರೆ ದೃಷ್ಟಿಯೇ ಹೋಗಬಹುದು.

ಆದರೆ ನಮಗೆ ಬಂದ ಉತ್ತರಗಳಲ್ಲಿ ಒಬ್ಬ ತಾಯಿಯೂ ತೊಂದರೆ ಇದೆ ಅಂದಿರಲಿಲ್ಲ. ಅಷ್ಟು ಒಳ್ಳೆಯ ಸುದ್ದಿಯನ್ನು ಸುಮ್ಮನೆ ನಂಬುವ ಜಾಯಮಾನ ನನ್ನದಲ್ಲ.

ಒಂದು ಬೆಳಿಗ್ಗೆ, ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಅವರು ಧಾರವಾಡದವರು. ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಅವರ ಮೇಲೇ ಪ್ರಯೋಗ ಮಾಡಿದೆ.

"ಅತ್ತೆ, ನಿಮ್ಮ ಮಗ ಚಿಕ್ಕವರಿದ್ದಾಗ ಕತ್ತಲಲ್ಲಿ ನೋಡೋಕೆ ಕಷ್ಟ ಆಗ್ತಿತ್ತಾ?"

"ಕತ್ತಲಾಗ ಯಾರಿಗೆ ಕಾಣಸ್ತದವಾ? ನಿನ್ನ ಗಂಡಗ ಹಗಲಾಗೂ ಮುಂದಿದ್ದದ್ದು ಕಾಣೂದಿಲ್ಲ, ಅದನ್ನ ಬರಕೋ."

ನಗು ಬಂತು, ಹಿಂದೆಯೇ ನನ್ನ ಮೇಲೇ ಸಿಟ್ಟೂ ಬಂತು. ಅಲ್ಲಿನ ತಾಯಂದಿರೂ ಇದನ್ನೇ ಅಂದುಕೊಂಡು ಇಲ್ಲ ಎಂದಿರಬೇಕು!

"ಮತ್ತೆ ಹೇಗೆ ಕೇಳಬೇಕು?"

"ಇರುಳಗಣ್ಣು ಅದ ಏನು ಅಂತ ಕೇಳು. ಅಂಥಾ ಹುಡುಗರು ದೀಪಾ ಹಚ್ಚೂ ಹೊತ್ತಿಗೆ ಕೂತಲ್ಲೇ ಕೂತುಬಿಡ್ತಾವ."

ಅದು ಯಾಕೆ ಬರುತ್ತದೆ ಎಂದು ಕೇಳಿದೆ. "ಹಣೆಬರಹ," ಎಂದು ಅತ್ತೆ ಸೊಪ್ಪಿನ ದಂಟು ಮುರಿದರು.

ಅಂದೇ ಅಡುಗೆಮನೆಯಲ್ಲಿ ಕೂತು ಮಾಡಿದ ಬೆಳಗಿನ ವಿಡಿಯೋ ಕಾಲ್ ಹೊತ್ತಿಗೆ ಇಥಿಯೋಪಿಯಾದಲ್ಲಿ ಮುಸ್ಸಂಜೆ. ನನ್ನ ಇಂಗ್ಲಿಷ್ ಪ್ರಶ್ನೆಗಳನ್ನು ಅಲ್ಲಿನ ಭಾಷೆಗೆ ತಿರುಗಿಸಿದ್ದ ಆರೋಗ್ಯ ಕಾರ್ಯಕರ್ತೆ ಫೋನಿನಲ್ಲಿ ಕಾಣಿಸಿಕೊಂಡಳು. ಸಂಜೆಯಾದರೆ ಕಣ್ಣು ಕಾಣದಿರುವುದಕ್ಕೆ ನಿಮ್ಮಲ್ಲಿ ಒಂದೇ ಪದ ಇದೆಯೇ ಎಂದೆ.

"ಇದೆ. ದಾಫಿಂತ್," ಎಂದು ನಕ್ಕಳು. "ಅಜ್ಜಿಯರ ಮಾತು. ಆಫೀಸಿನ ಪ್ರಶ್ನೆಗೆ ಚೆನ್ನಾಗಿರಲ್ಲ ಅಂತ ಬಿಟ್ಟೆ."

ನನಗೆ ಕುತೂಹಲ ತಡೆಯಲಿಲ್ಲ. ಅಂಥ ಮಕ್ಕಳ ಬಗ್ಗೆ ಅಜ್ಜಿಯರು ಏನು ಹೇಳುತ್ತಾರೆ ಎಂದು ಕೆದಕಿದೆ.

"ಹೊತ್ತು ಮುಳುಗಿದರೆ ಆಟ ಬಿಟ್ಟು ಒಂದೇ ಕಡೆ ಕೂತುಬಿಡ್ತಾರೆ, ಕರೆದರೂ..." ಮಾತು ಅಲ್ಲಿಗೇ ನಿಂತಿತು.

ಅವಳಿಗೆ ಮೂರು ವರ್ಷದ ಮಗಳಿದ್ದಳು. ತೋಳಿನ ಪಟ್ಟಿ ಒಳ್ಳೇ ಹಸಿರು ತೋರಿಸಿದ್ದ ಮಗು. ನನ್ನ ಪ್ರಶ್ನೆಗೆ ಎಲ್ಲರಿಗಿಂತ ಮೊದಲು ಉತ್ತರಿಸಿದ ತಾಯಿಯೂ ಇವಳೇ. ತನ್ನ ಮಗಳಿಗೆ ಏನೂ ತೊಂದರೆಯಿಲ್ಲ ಎಂದಿದ್ದಳು.

ಫೋನನ್ನು ಬಾಗಿಲ ಕಡೆ ತಿರುಗಿಸಿ ಎಲ್ಲೋ ಒರಗಿಸಿಟ್ಟಳು. ಹುಡುಗಿ ಹೊಸ್ತಿಲ ಮೇಲೆ ಕೂತಿದ್ದಳು. ಅಮ್ಮ ಸದ್ದು ಮಾಡದೆ ಹೋಗಿ ಒಂದು ಬಾಳೆಹಣ್ಣನ್ನು ಮಗುವಿನ ಮುಖದ ಮುಂದೆಯೇ ಹಿಡಿದಳು. ಮಬ್ಬು ಬೆಳಕಿದ್ದರೂ ಹಣ್ಣು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಮಗು ಕದಲಲಿಲ್ಲ. ಆಮೇಲೆ ಅಮ್ಮ ಮೆಲ್ಲಗೆ ಏನೋ ಅಂದಳು. ಹುಡುಗಿಯ ಮುಖ ಅರಳಿತು, ಎರಡೂ ಕೈ ಚಾಚಿದಳು. ಕೈಗಳು ಹಣ್ಣನ್ನು ದಾಟಿ ದನಿ ಬಂದ ಕಡೆಗೆ ಹೋದವು.

ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ ಅತ್ತೆ, "ಅಯ್ಯ ಶಿವನೇ," ಎಂದರು.

ಕಾಲ ಇನ್ನೂ ಮೀರಿಲ್ಲ, ವಿಟಮಿನ್ ಕೊಟ್ಟರೆ ಕಣ್ಣು ಮೊದಲಿನಂತಾಗುತ್ತದೆ, ಬೆಳಿಗ್ಗೆಯೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗು ಎಂದೆ. ಅದೆಲ್ಲ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಹೂಂ ಎಂದು ಮಗಳನ್ನು ಎತ್ತಿಕೊಂಡು ಫೋನಿನ ಮುಂದೆ ಬಂದು ಕೂತಳು.

"ಕರೆದರೆ ಒಳಗೆ ಬರಲ್ಲ, ಹಟ ಮಾಡ್ತಾಳೆ ಅಂತ," ಎಂದಳು, "ನಿನ್ನೆ ಹೊಡೆದೆ."