ಹೆಣ್ಣಿಲಿ ಬೇಡ ಅಂದವರು

ಈ ಪರವೂರಿನ ಅಲ್ಕಾಪುರಿ ಬಡಾವಣೆಯ ನಮ್ಮ ಮನೆಯ ಕೆಳಗೆ ಬಡಗಿ ಮರ ಹೆರೆಯುತ್ತಿದ್ದಾನೆ. ಬೆಳಿಗ್ಗೆ ಸಿಟ್ಟಿನಿಂದ ಕಿಟಕಿ ಮುಚ್ಚಿದೆ. ಮರದ ಹೊಟ್ಟಿನ ವಾಸನೆಗೆ ನಿಮಗೆ ಹೊಸ ಕಪಾಟು ನೆನಪಾದೀತು. ನನಗೆ ವಸುಧಕ್ಕನ ಸೀರೆ.

ವಸುಧಕ್ಕ ಧಾರವಾಡದವರು, ಅಹಮದಾಬಾದಿನಲ್ಲಿ ವಿಜ್ಞಾನಿ. ನನ್ನ ಗಂಡನಿಗೆ ಅಲ್ಲಿಯ ಬ್ಯಾಂಕಿಗೆ ವರ್ಗವಾಗಿದ್ದಾಗ ನವರಂಗಪುರದಲ್ಲಿ ನಮ್ಮ ಪಕ್ಕದ ಮನೆ. ಸಂಜೆ ಪ್ರಯೋಗಾಲಯದಿಂದ ಬಂದರೆ ಇಲಿಗಳ ಪಂಜರಕ್ಕೆ ಹಾಸಿದ ಹೊಟ್ಟು ಅವರ ಸೆರಗಿನಲ್ಲಿರುತ್ತಿತ್ತು. ಕಾಲೇಜಿನಲ್ಲಿ ಕಪ್ಪೆ ಕಂಡು ಓಡಿದವಳು ನಾನು. ನನಗೂ ತಿಳಿಯುವಂತೆ ಹೇಳುತ್ತಿದ್ದರು. ಕಾಲಿನ ದೊಡ್ಡ ರಕ್ತನಾಳ ಮುಚ್ಚಿದರೆ ಅಕ್ಕಪಕ್ಕದ ಸಣ್ಣವು ಬೆಳೆದು ದಾರಿ ಮಾಡಿಕೊಡುತ್ತವೆ. ಅದಕ್ಕೆ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನಿನ ನೆರವೂ ಇದೆ.

"ಹಾರ್ಮೋನು ಬಾಗಲಾ ಬಡಿಯಾವ್ರು, ರಿಸೆಪ್ಟರ್ ಜೀವಕೋಶದ ಒಳಗಿಂದ ತಗಿಯಾವ್ರು. ತಗಿಯಾವ್ರ ಇಲ್ಲಂದ್ರ ಬಡದು ಏನುಪಯೋಗ?"

ಆದರೆ ಪ್ರಯೋಗವೆಲ್ಲ ಗಂಡಿಲಿಗಳ ಮೇಲೆ!

"ಹೆಣ್ಣಿಲಿಗೆ ಋತುಚಕ್ರ ಇರ್ತದ, ಫಲಿತಾಂಶ ಏರುಪೇರಾಗ್ತದ ಅಂತಾರ ನಮ್ಮ ಸಾಹೇಬ್ರು."

ಹೆಣ್ಣಿನ ಹಾರ್ಮೋನು ತಿಳಿಯಲು ಹೆಣ್ಣೇ ಅಡ್ಡಿ! ವಧುವನ್ನು ಹೊರಗಿಟ್ಟು ಮದುವೆ ಮಾಡುವ ಜಾಣರು. ಅಕ್ಕ ಹೆಣ್ಣಿಲಿ ಕೇಳುತ್ತಲೇ ಇದ್ದರು, ಸಾಹೇಬರು ಬೇಡವೆನ್ನುತ್ತಲೇ ಇದ್ದರು.

ಮುಟ್ಟು ನಿಂತ ಮೇಲೆ ಅಕ್ಕನಿಗೇ ನಡೆದರೆ ಮೀನಖಂಡ ಹಿಡಿದುಕೊಳ್ಳತೊಡಗಿತು, ನಿಂತರೆ ಬಿಡುತ್ತಿತ್ತು. ಡಾಕ್ಟರು "ಬೇನ್, ಹವೇ ಉಮರ್ ಥಯಿ" ಅಂದರಂತೆ. ವಯಸ್ಸಾಯಿತಂತೆ! ಕ್ಯಾಲ್ಸಿಯಂ ಬರೆದರು, ಪಾದದ ನಾಡಿ ಮುಟ್ಟಿ ನೋಡಲಿಲ್ಲ.

"ನಾಳ ಮುಚ್ಚಿರಬಹುದು ಅಂತ ನೀವೇ ಹೇಳಬಾರದಿತ್ತೇ ಅಕ್ಕ?"

"ಹೇಳಿದ್ನವಾ. 'ಮೇಡಂ, ನೀವು ಇಲಿ ಡಾಕ್ಟರು' ಅಂತ ನಕ್ಕ."

ಬೇರೆ ಡಾಕ್ಟರು ನೋಡುವ ಹೊತ್ತಿಗೆ ಕಾಲ್ಬೆರಳುಗಳು ಕಪ್ಪಾಗಿದ್ದವು. ಮೊಣಕಾಲ ಕೆಳಗೆ ಕತ್ತರಿಸಿ ತೆಗೆಯಬೇಕಾಯಿತು. ಜೀವಮಾನವೆಲ್ಲ ಮುಚ್ಚಿದ ನಾಳಗಳನ್ನೇ ಓದಿದವರ ಕಾಲು! ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಈಚೆಗೆ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನನ್ನ ಮೀನಖಂಡವೂ ಹಿಡಿಯಿತು. ಇವತ್ತು ಮಧ್ಯಾಹ್ನ ಇಲ್ಲಿಯ ಡಾಕ್ಟರ ಹತ್ತಿರ ಹೋದೆ. ಕಂಪ್ಯೂಟರಿನಿಂದ ಕಣ್ಣೆತ್ತದೆ ಅವರೂ ವಯಸ್ಸು ಎಂದರು. ನಾನು ಚಪ್ಪಲಿ ಬಿಟ್ಟು ಅವರ ಪಕ್ಕದ ಸ್ಟೂಲಿನ ಮೇಲೆ ಕಾಲಿಟ್ಟೆ. ನನ್ನ ಹರಕುಮುರುಕು ಹಿಂದಿಯಲ್ಲೇ, ಪಾದದ ನಾಡಿ ನೋಡುವ ತನಕ ಏಳುವುದಿಲ್ಲ ಎಂದೆ. ಹೊರಗೆ ಸರದಿ ಗೊಣಗಿತು, ಗೊಣಗಲಿ. ಡಾಕ್ಟರು ಮುಟ್ಟಿದರು, ಬಹಳ ಹೊತ್ತು ಹುಡುಕಿದರು. ಆಮೇಲೆ ದನಿ ಬದಲಿಸಿ ಸ್ಕ್ಯಾನಿಗೆ ಬರೆದುಕೊಟ್ಟರು.

ಮನೆಗೆ ಬಂದು ಕಿಟಕಿ ತೆರೆದು ವಸುಧಕ್ಕನಿಗೆ ಫೋನು ಮಾಡಿ, ಡಾಕ್ಟರ ಹತ್ತಿರ ಹೋಗಿದ್ದೆ ಎಂದೆ.

"ನಾಡಿ ಸಿಕ್ತೇನವಾ?"

"ಎಡಗಾಲಲ್ಲಿ ಸರಿಯಾಗಿ ಸಿಗಲಿಲ್ಲ ಅಕ್ಕ. ಆದರೆ ಮುಟ್ಟಿ ನೋಡಿದರು."

"ಮುಟ್ಟಿದ್ರಲಾ," ಅಂದರು. "ಹಂಗಾದ್ರ ನಿನ್ನ ಕಾಲು ಉಳೀತದ."