ಮಾವ ಬಳಿದ ಕ್ರೀಮ್ ಬಣ್ಣ

ನಮ್ಮ ಮಾವನ ಎಡಗೈ ಕಿರುಬೆರಳಿನಲ್ಲಿ ಒಂದು ಉದ್ದನೆಯ ಉಗುರಿತ್ತು. ಉಳಿದ ಬೆರಳುಗಳ ಉಗುರನ್ನೆಲ್ಲ ಬುಡಕ್ಕೆ ಕತ್ತರಿಸಿಕೊಂಡು ಅದೊಂದನ್ನು ಮಾತ್ರ ಸಾಕಿದ್ದರು. ಎದುರಿಗೆ ಏನು ಬಂದರೂ ಮೊದಲು ಅದರಿಂದ ಕೆರೆದು ನೋಡಬೇಕು. ಕೊಬ್ಬರಿಯ ಬೆನ್ನು, ನೆಂಟರ ಮನೆಯ ಗೋಡೆ, ಅಂಗಡಿಯ ಹೊಸ ಪಾತ್ರೆ, ಎಲ್ಲವನ್ನೂ ಕೆರೆದು, ಮೂತಿ ಓರೆ ಮಾಡಿ, "ಅದೇನ್ ಮಹಾ" ಎನ್ನುತ್ತಿದ್ದರು. ನಾನು ಮದುವೆಯಾಗಿ ತಿಪಟೂರಿನ ಹತ್ತಿರದ ಈ ತೋಟದ ಮನೆಗೆ ಬಂದಾಗ, ತವರಿನವರು ಕೊಟ್ಟ ಬೀರುವಿನ ಬಾಗಿಲನ್ನೂ ಕೆರೆದರು. ಆ ಗೀರು ಇನ್ನೂ ಇದೆ.

ತಮ್ಮದು ಎನ್ನುವ ವಸ್ತುವನ್ನು ಮಾತ್ರ ಅವರು ಯಾವತ್ತೂ ಕೆರೆದವರಲ್ಲ. ಅದರಲ್ಲೂ ತುರುವೇಕೆರೆಯ ನಿವೃತ್ತ ಡಾಕ್ಟರೊಬ್ಬರಿಂದ ಕೊಂಡ ಹಳೆಯ ಅಂಬಾಸಿಡರ್ ಕಾರನ್ನು. ಓಡಿಸುವುದು ನನ್ನ ಗಂಡ, ಇಲ್ಲವೇ ನಾನು. ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವುದು ಮಾತ್ರ ಅವರು. ತೋಟದ ದಾರಿಯಲ್ಲಿ ಎದುರಾದ ಆಳುಗಳು ಪಕ್ಕಕ್ಕೆ ಸರಿದು ನಿಂತರೆ ಸಾಲದು, ಹೆಗಲ ಮೇಲಿನ ಟವೆಲ್ಲೂ ಇಳಿಯಬೇಕಿತ್ತು.

ಕಾರಿನ ಒಳಗು ಮಾತ್ರ ಬಡವಾಗಿತ್ತು. ಬಾಗಿಲುಗಳ ಒಳಮೈಗೆ ಹೊದಿಸಿದ್ದ ಕಡುಗೆಂಪು ರೆಕ್ಸಿನ್ ಬಿಸಿಲಿಗೆ ಮಂಕಾಗಿತ್ತು. ಸ್ಟೇರಿಂಗಿನ ಕೆಳಗಿನ ಪ್ಲಾಸ್ಟಿಕ್ಕು ಬೂದಿ ಬಳಿದಂತಿತ್ತು. ನನ್ನ ನಾದಿನಿಗೆ ಹುಳಿಯಾರಿನ ಕಡೆ ಗಂಡು ಗೊತ್ತಾದಾಗ, ಬೀಗರ ಮನೆ ಮುಂದೆ ಈ ಕಾರಿನಲ್ಲೇ ಇಳಿಯಬೇಕು, ಒಳಗೆಲ್ಲ ಕ್ರೀಮ್ ಬಣ್ಣ ಮಾಡಿಸಬೇಕು ಎಂಬ ಹುಚ್ಚು ಮಾವನಿಗೆ ಹತ್ತಿತು.

ತಿಪಟೂರಿನ ಕುಶನ್ ಅಂಗಡಿಗೆ ಹೋದೆವು. ಅಂಗಡಿಯವರು ಬಾಗಿಲ ಮೇಲೆ ಕೈಯಾಡಿಸಿ, "ಕೈ ಜಿಡ್ಡು, ತಲೆಗೆಣ್ಣೆ ಎಲ್ಲ ಕೂತೈತೆ ಸಾರ್. ಮೊದ್ಲು ಅದನ್ನ ತೆಗೀಬೇಕು. ರೆಕ್ಸಿನ್ನಿಗೆ ಅಂತ್ಲೇ ಬೇರೆ ಬಣ್ಣ ಬತ್ತದೆ. ಒಂದು ವಾರ ಬುಡಿ," ಎಂದರು.

"ಬಣ್ಣ ಬಳಿಯೋಕೆ ಒಂದು ವಾರಾನಾ? ಅದೇನ್ ಮಹಾ ಬ್ರಹ್ಮವಿದ್ಯೆಯೇನ್ರೀ?" ಎಂದು ಮಾವ ಎದ್ದು ಬಂದರು.

ಮನೆಯ ಕಿಟಕಿಗಳಿಗೆ ಹೊಡೆದು ಉಳಿದಿದ್ದ ಆಯಿಲ್ ಪೇಂಟಿನ ಡಬ್ಬ ಅಟ್ಟದ ಮೇಲಿತ್ತು. ಮಾರನೆಯ ದಿನ ಪಂಚೆ ಎತ್ತಿ ಕಟ್ಟಿ, ತೊಳೆಯದ ರೆಕ್ಸಿನ್ ಮೇಲೆ ಅದನ್ನೇ ದಪ್ಪಗೆ ಮೆತ್ತಿದರು. "ಬೇಡ ಮಾವ, ಬಿಸಿಲಿಗೆ ಎದ್ದು ಬರುತ್ತೆ," ಎಂದೆ.

"ನಿಮ್ಮಪ್ಪ ಸೈಕಲ್ ತುಳ್ಕೊಂಡಿದ್ದೋನು. ಕಾರಿನ್ ವಿಷ್ಯ ನಿಂಗೇನ್ ಗೊತ್ತು ಬುಡಮ್ಮ," ಎಂದರು.

ನಿಶ್ಚಿತಾರ್ಥದ ದಿನ ಕಾರು ಬೀಗರ ಅಂಗಳದಲ್ಲಿ ಬಿಸಿಲಿಗೆ ನಿಂತಿತ್ತು. ಶಾಸ್ತ್ರ ಮುಗಿದು ಊಟವಾದ ಮೇಲೆ ಮಾವ ಸುಮ್ಮನಿರಲಿಲ್ಲ. ಹುಡುಗನ ತಾಯಿ ಒಲ್ಲೆನೆಂದರೂ ಬಿಡದೆ ಕಾರಿನಲ್ಲಿ ಕೂರಿಸಿ, ಊರ ಹೊರಗಿನ ಗುಡಿಯವರೆಗೆ ಒಂದು ಸುತ್ತು ಹೊಡೆಸಿದರು. ಅವರು ಪಾಪ ಬಾಗಿಲಿಗೆ ಒರಗಿ ಕೂತಿದ್ದರು. ವಾಪಸು ಬಂದು ಇಳಿಯುವಾಗ, ಹಾವಿನ ಪೊರೆ ಸುಲಿದ ಹಾಗೆ ಬಣ್ಣ ಪದರ ಪದರವಾಗಿ ಅವರ ರೇಷ್ಮೆ ಸೆರಗಿಗೆ ಅಂಟಿ ಬಂತು. ಅಂಗಳದ ತುಂಬ ಜನ. ಯಾರೋ ಕಿಸಕ್ಕೆಂದು ನಕ್ಕರು.

ಮಾವ ಒಂದು ಕ್ಷಣವೂ ತಡವರಿಸಲಿಲ್ಲ. ನನ್ನ ಕಡೆ ಕೈ ತೋರಿಸಿ, "ನಮ್ ಸೊಸೆ ಬಳ್ದಿದ್ದು ಕಣ್ರೀ. ಹೆಂಗಸ್ರ ಕೈಗೆ ಕೊಟ್ರೆ ಹಿಂಗೇ," ಎಂದರು.

ಪಕ್ಕದಲ್ಲಿದ್ದ ನನ್ನ ಗಂಡ ತಮ್ಮ ಚಪ್ಪಲಿ ನೋಡುತ್ತ ನಿಂತರು. ನಾದಿನಿಯ ಮುಖ ಬಿಳಿಚಿಕೊಂಡಿತ್ತು. ನಾನು ಬಾಯಿ ತೆಗೆದರೆ ಅವಳ ನಿಶ್ಚಿತಾರ್ಥ ಜಗಳವಾಗುತ್ತಿತ್ತು. "ತಪ್ಪಾಯ್ತಮ್ಮ," ಎಂದೆ. ಬೀಗಿತ್ತಿ ನನ್ನನ್ನೇ ನೋಡಿ, "ಸೀರೆ ತಾನೆ, ಹೋಗ್ಲಿ ಬುಡವ್ವ," ಎಂದರು.

ಅವತ್ತಿನಿಂದ ಮಾವನಿಗೆ ನಾನು ಕೊಡುತ್ತಿದ್ದ ಮರ್ಯಾದೆ ಬಾಯಲ್ಲಿ ಮಾತ್ರ ಉಳಿಯಿತು. ಕಾಫಿ ಕೊಟ್ಟೆ, ಬಿಸಿನೀರು ಕಾಯಿಸಿದೆ. ಆದರೆ ತನ್ನ ಕೈಕೊಳೆಯನ್ನು ಸೊಸೆಯ ಸೆರಗಿಗೆ ಒರೆಸುವ ಮನುಷ್ಯ ಎಷ್ಟು ಎತ್ತರದ ದನಿಯಲ್ಲಿ ಮಾತಾಡಿದರೂ ನನಗೆ ಗಿಡ್ಡನಾಗಿಯೇ ಕಾಣುತ್ತಿದ್ದ.

ಮದುವೆಯ ಗದ್ದಲ ಮುಗಿದ ಮೇಲೆ ನಾನೇ ಬಾಗಿಲುಗಳ ಒಳಹಲಗೆಗಳನ್ನು ಬಿಚ್ಚಿಕೊಂಡು ಕುಶನ್ ಅಂಗಡಿಗೆ ಹೋದೆ. ನನ್ನ ಹೆಸರಿಗೆ ಬಂದ ಕೆಲಸ, ನನ್ನ ಕೈಯಲ್ಲೇ ನೆಟ್ಟಗಾಗಲಿ ಎಂಬ ಹಟ. ಅಂಗಡಿಯವರು ಹೇಳಿಕೊಟ್ಟ ಹಾಗೆ ಹಳೇ ಪೇಂಟನ್ನು ನಿಧಾನವಾಗಿ ಎಬ್ಬಿಸಿದೆ. ಸೋಪಿನ ನೀರು, ಮೆತ್ತನೆಯ ಬ್ರಷ್ಷು ಹಿಡಿದು ರೆಕ್ಸಿನ್ನಿನ ಗೆರೆಗೆರೆಯ ಸಂದಿಯಿಂದ ಜಿಡ್ಡು ತೆಗೆದೆ. ಪ್ಲಾಸ್ಟಿಕ್ಕಿಗೆ ನುಣ್ಣನೆಯ ಉಪ್ಪುಕಾಗದ ಉಜ್ಜಿ, ಬಣ್ಣ ಹಿಡಿಯಲು ಪ್ರೈಮರ್ ಕೊಟ್ಟೆ. ಆಮೇಲೆ ಆ ಹಳೆಯ ಕಡುಗೆಂಪನ್ನೇ ತೆಳ್ಳಗೆ, ಒಂದು ಕೋಟು ಒಣಗಿದ ಮೇಲೆ ಇನ್ನೊಂದು ಹೊಡೆದೆ. ದಪ್ಪಗೆ ಹೊಡೆದರೆ ಗೆರೆಗಳು ಮುಚ್ಚಿಹೋಗಿ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ.

ದೀಪಾವಳಿಗೆ ಬೀಗಿತ್ತಿ ಬಂದಾಗ ಅದೇ ಕಾರಿನಲ್ಲಿ, ಅದೇ ಬಾಗಿಲಿಗೆ ಒರಗಿ ಕೂತರು. ಸೆರಗಿಗೆ ಏನೂ ಹತ್ತಲಿಲ್ಲ. "ಹೆಂಗೈತೆ? ನಾನೇ ಮುಂದೆ ನಿಂತು ಮಾಡಿದ್ದು," ಎಂದರು ಮಾವ. ನಾಚಿಕೆ ಎನ್ನುವುದು ಅವರ ಮನೆ ಬಾಗಿಲಿಗೂ ಬಂದಿರಲಿಲ್ಲ. ಬೀಗಿತ್ತಿ ಇನ್ನೂ ಕೆಂಪು ಮೆತ್ತಿದ್ದ ನನ್ನ ಬೆರಳುಗಳನ್ನು ನೋಡಿದರು.

ಕೊನೆಗಾಲದಲ್ಲಿ ಮಾವನಿಗೆ ಲಕ್ವ ಹೊಡೆಯಿತು. ಬಾಯಿ ಓರೆಯಾಯಿತು, ದರ್ಪ ಓರೆಯಾಗಲಿಲ್ಲ. ತಿಪಟೂರಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದವಳು ನಾನೇ. ಇಳಿಸಿಕೊಳ್ಳಲು ಬಂದ ನರ್ಸಿಗೂ ತೊದಲುತ್ತ, "ಒಳಗೆಲ್ಲ ನಾನೇ ಬಣ್ಣ ಮಾಡಿದ್ದು," ಎಂದರು. ಹಾಗೆ ಹೇಳಿಕೊಂಡೇ ತೀರಿಹೋದರು.

ಈಗ ಅರಳಗುಪ್ಪೆ, ಹುಳಿಯಾರಿನಿಂದೆಲ್ಲ ಹಳೆಯ ಕಾರುಗಳ ಬಾಗಿಲು, ಡ್ಯಾಶ್‌ಬೋರ್ಡು ನನ್ನಿಂದ ಬಣ್ಣ ಮಾಡಿಸಿಕೊಳ್ಳಲು ನಮ್ಮ ಮನೆಯ ಹಜಾರಕ್ಕೆ ಬರುತ್ತವೆ. ಮಾವನ ಆ ಸುಳ್ಳಿಲ್ಲದಿದ್ದರೆ ನಾನು ಬ್ರಷ್ಷು ಹಿಡಿಯುತ್ತಿರಲಿಲ್ಲ. ಅಷ್ಟರಮಟ್ಟಿಗೆ ಋಣ ಉಂಟು, ಇಲ್ಲವೆನ್ನಲಾರೆ.

ವರ್ಷದ ತಿಥಿಗೆ ಬಂದ ನೆಂಟರೊಬ್ಬರು ಕಾರಿನೊಳಗೆ ಇಣುಕಿ, "ಏನ್ ಕೈಚಳಕ ಕಣಪ್ಪ ನಿಮ್ಮಪ್ಪಂದು!" ಎಂದರು. ಅಂಗಳದಲ್ಲಿ ಊಟಕ್ಕೆ ಎಲೆ ಹಾಸುತ್ತಿದ್ದ ನನ್ನ ಗಂಡ ಎದ್ದು ನಿಂತರು.

"ಅದು ನಮ್ಮಪ್ಪಂದಲ್ಲ, ನನ್ನ ಹೆಂಡ್ತಿ ಕೆಲ್ಸ," ಎಂದರು. ಆಮೇಲೆ ತಿಥಿಗೆ ಬಂದಿದ್ದ ಬೀಗಿತ್ತಿಯ ಕಡೆ ತಿರುಗಿ, "ಅವತ್ತು ನಿಮ್ ಸೀರೆ ಹಾಳ್ಮಾಡಿದ್ದು ನಮ್ಮಪ್ಪ. ನಾನು ಅವತ್ತೇ ಹೇಳ್ಬೇಕಿತ್ತು," ಎಂದರು.

"ನಂಗೆ ಅವತ್ತೇ ಗೊತ್ತಿತ್ತು ಕಣಪ್ಪ," ಎಂದರು ಬೀಗಿತ್ತಿ. "ನೀನು ಯಾವತ್ತು ಬಾಯ್ ಬುಡ್ತೀಯ ಅಂತ ಕಾಯ್ತಿದ್ದೆ."

ಮಾವನ ಪಟಕ್ಕೆ ಹಾಕಲು ನನ್ನ ಕೈಯಲ್ಲಿ ಹೂವಿನ ಹಾರವಿತ್ತು. ಅದನ್ನು ನನ್ನ ಗಂಡನ ಕೈಗೆ ಕೊಟ್ಟೆ. ಅವರ ತಂದೆಗೆ ಅವರು ಹಾಕಲಿ. ನನ್ನಿಂದ ಅದು ಇನ್ನೂ ಆಗಿಲ್ಲ.